ಬ್ಯಾಟು ಕೆಳಗಿಟ್ಟ ಮೇಲೆ ಮರ್ಚೆಂಟ್ ಮಾಡಿದ್ದು

2010ರಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮರುದಿನವೂ ನಾನು ಎಂದಿನಂತೆ ಆರು ಗಂಟೆಗೇ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದೆ. ಎಲ್ಲಿಗೆ ಹೊರಟಿರಿ ಎಂದು ಹೆಂಡತಿ ಕೇಳಿದಾಗಲೇ, ಹೋಗಬೇಕಾದ ಜಾಗ ಯಾವುದೂ ಇಲ್ಲವೆಂಬುದು ಅರಿವಿಗೆ ಬಂದದ್ದು. ಪಿಂಚಣಿ ಬರುತ್ತಿತ್ತು, ಮನೆಯಿತ್ತು, ಮಕ್ಕಳು ನೆಲೆ ನಿಂತಿದ್ದರು. ಇಷ್ಟೆಲ್ಲ ಇದ್ದೂ ಮುಂದಿನ ಕೆಲವು ತಿಂಗಳು ನಾನು ಮನೆಯೊಳಗೆ ಅತಿಥಿಯಂತೆ ಓಡಾಡಿಕೊಂಡಿದ್ದೆ.

ಅರವತ್ತು ವರ್ಷದ ಗುಮಾಸ್ತಿಕೆಯ ಮನುಷ್ಯನ ಪಾಡೇ ಹೀಗಾದರೆ, ಮೂವತ್ತೈದು-ನಲವತ್ತರ ವಯಸ್ಸಿಗೇ ಕ್ರೀಡಾಂಗಣದಿಂದ ಹೊರನಡೆಯುವ ಆಟಗಾರನ ಪಾಡೇನು ಎಂದು ನಾನು ಆಗಾಗ ಯೋಚಿಸಿದ್ದೇನೆ. ಆತ ಬಿಟ್ಟು ಬರುವುದು ಬರೀ ಉದ್ಯೋಗವನ್ನಲ್ಲ. ಸಾವಿರಾರು ಜನರ ಚಪ್ಪಾಳೆಯನ್ನು, ಪ್ರತಿ ದಿನಕ್ಕೊಂದು ಗುರಿಯನ್ನು, ತನ್ನ ದೇಹ ತನ್ನ ಮಾತು ಕೇಳುತ್ತದೆಂಬ ನಂಬಿಕೆಯನ್ನು ಒಟ್ಟಿಗೇ ಬಿಟ್ಟು ಬರುತ್ತಾನೆ. 2008ರಲ್ಲಿ ಐಪಿಎಲ್ ಆರಂಭವಾದ ಮೇಲೆ ನಮ್ಮ ಕ್ರಿಕೆಟಿಗರಲ್ಲಿ ಹಲವರಿಗೆ ಹಣದ ಚಿಂತೆ ತಪ್ಪಿದೆ. ಆದರೆ ನಾಳೆ ಬೆಳಿಗ್ಗೆ ಯಾತಕ್ಕಾಗಿ ಏಳಬೇಕು ಎಂಬ ಪ್ರಶ್ನೆಗೆ ಬ್ಯಾಂಕಿನ ಖಾತೆಯಲ್ಲಿ ಉತ್ತರವಿರುವುದಿಲ್ಲ. ಹೊಟ್ಟೆಪಾಡಿನ ಒತ್ತಡ ಇಲ್ಲದವನಿಗೆ ಈ ಪ್ರಶ್ನೆ ಇನ್ನೂ ನಿಷ್ಠುರವಾಗಿ ಎದುರಾಗುತ್ತದೆಯೇನೋ.

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವವರು ವಿಜಯ್ ಮರ್ಚೆಂಟ್. ಅವರು ತೀರಿಕೊಂಡು ದಶಕಗಳೇ ಕಳೆದಿವೆ. ಅವರ ಬ್ಯಾಟಿಂಗನ್ನು ಕಣ್ಣಾರೆ ಕಂಡವರು ಇಂದು ಬೆರಳೆಣಿಕೆಯಷ್ಟೂ ಇರಲಾರರು. ನಾನೂ ಕಂಡವನಲ್ಲ. ನನಗೆ ಅವರು ಪರಿಚಯವಾದದ್ದು ದನಿಯಾಗಿ. 1970ರ ದಶಕದ ಆರಂಭದಲ್ಲಿ ನೌಕರಿ ಸಿಕ್ಕಿ ಬೊಂಬಾಯಿಗೆ ಹೋದಾಗ ಮಾಟುಂಗಾದ ಕೋಣೆಯೊಂದರಲ್ಲಿ ನಾವು ನಾಲ್ವರು ಕನ್ನಡದ ಹುಡುಗರಿದ್ದೆವು. ಭಾನುವಾರ ವಿವಿಧ ಭಾರತಿಯಲ್ಲಿ ಮರ್ಚೆಂಟರ ಕ್ರಿಕೆಟ್ ಕಾರ್ಯಕ್ರಮ ಬರುತ್ತಿತ್ತು. ಅವಸರವಿಲ್ಲದ, ಅಳೆದು ತೂಗಿದ ಇಂಗ್ಲಿಷು. ಊಟದ ತಟ್ಟೆ ಮುಂದಿಟ್ಟುಕೊಂಡೇ ನಾವು ಕೇಳುತ್ತಿದ್ದೆವು.

ವಿಜಯ್ ಮಾಧವ್‌ಜಿ ಮರ್ಚೆಂಟ್ ಹುಟ್ಟಿದ್ದು 1911ರ ಅಕ್ಟೋಬರ್ 12ರಂದು, ಬೊಂಬಾಯಿಯಲ್ಲಿ. ಮನೆತನದ ಹೆಸರು ಠಾಕರ್ಸಿ; ಬಟ್ಟೆ ಗಿರಣಿಗಳ ಒಡೆತನದ ಶ್ರೀಮಂತ ಗುಜರಾತಿ ಕುಟುಂಬ. ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯೊಬ್ಬರು ಹುಡುಗನ ಹೆಸರನ್ನೂ ಮನೆಯವರ ಕಸುಬನ್ನೂ ವಿಚಾರಿಸಿದಾಗ ಆದ ಗೊಂದಲದಿಂದ ವ್ಯಾಪಾರಿ ಎಂಬರ್ಥದ ಮರ್ಚೆಂಟ್ ಅವರ ಅಡ್ಡಹೆಸರಾಯಿತೆಂದು ಹೇಳುತ್ತಾರೆ. ಅಚಾತುರ್ಯದಿಂದ ಅಂಟಿದ ಆ ಹೆಸರನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಓದಿ, ಅಲ್ಲಿಯ ತಂಡದ ನಾಯಕರಾಗಿ, ಅಲ್ಲಿಂದ ಬೊಂಬಾಯಿ ತಂಡಕ್ಕೂ ಭಾರತ ತಂಡಕ್ಕೂ ನಡೆದು ಬಂದರು.

ಅವರ ಆಟದ ಲೆಕ್ಕವನ್ನು ಇಂದಿನ ಓದುಗರಿಗೆ ಒಮ್ಮೆ ನೆನಪಿಸಬೇಕು. ಪ್ರಥಮ ದರ್ಜೆಯ 150 ಪಂದ್ಯಗಳಲ್ಲಿ 13,470 ರನ್, ಸರಾಸರಿ 71.64. ದೀರ್ಘ ಕಾಲ ಆಡಿದವರ ಪೈಕಿ ಈ ಸರಾಸರಿಗಿಂತ ಮೇಲಿರುವ ಹೆಸರು ಡಾನ್ ಬ್ರಾಡ್ಮನ್ ಅವರದು. ರಣಜಿ ಟ್ರೋಫಿಯಲ್ಲಿ ಮರ್ಚೆಂಟರ ಸರಾಸರಿ 98.75. ಇಂಥ ಬ್ಯಾಟ್ಸ್‌ಮನ್ ಭಾರತದ ಪರ ಎಷ್ಟು ಟೆಸ್ಟ್ ಆಡಿರಬಹುದು? ಹತ್ತೇ ಹತ್ತು.

ಹತ್ತು ಎಂಬ ಈ ಸಂಖ್ಯೆಯಲ್ಲಿಯೇ ಅವರ ಬದುಕಿನ ಮುಂದಿನ ದಾರಿಯ ಸುಳಿವಿದೆ ಎಂದು ನನಗನ್ನಿಸುತ್ತದೆ. ಆ ಹತ್ತು ಟೆಸ್ಟ್‌ಗಳು 1933ರಿಂದ 1951ರವರೆಗಿನ ಹದಿನೆಂಟು ವರ್ಷಗಳಲ್ಲಿ ಚೆಲ್ಲಿಹೋಗಿವೆ. ಭಾರತ ತನ್ನ ಮೊದಲ ಟೆಸ್ಟ್ ಆಡಿದ 1932ರ ಇಂಗ್ಲೆಂಡ್ ಪ್ರವಾಸಕ್ಕೆ ಅವರು ಹೋಗಲಿಲ್ಲ. ಗಾಂಧೀಜಿಯವರನ್ನೂ ಇತರ ನಾಯಕರನ್ನೂ ಸರ್ಕಾರ ಸೆರೆಯಲ್ಲಿಟ್ಟಿದ್ದಾಗ ತಾವು ಆಡಲು ಹೋಗುವುದು ಸರಿಯಲ್ಲವೆಂದು ಹಿಂದೆ ಸರಿದ ಬೊಂಬಾಯಿಯ ಹಿಂದೂ ಆಟಗಾರರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಇಪ್ಪತ್ತು ವರ್ಷ. 1936ರಲ್ಲಿ ಇಂಗ್ಲೆಂಡಿಗೆ ಹೋದಾಗ ಮ್ಯಾಂಚೆಸ್ಟರಿನ ಟೆಸ್ಟ್‌ನಲ್ಲಿ ಮುಷ್ತಾಕ್ ಅಲಿಯವರ ಜೊತೆ ಮೊದಲ ವಿಕೆಟಿಗೆ 203 ರನ್ ಸೇರಿಸಿ, ತಾವು 114 ಹೊಡೆದರು. ಮರುವರ್ಷ ವಿಸ್ಡನ್ ವಾರ್ಷಿಕವು ಅವರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರೆಂದು ಗೌರವಿಸಿತು.

ಆಮೇಲೆ ಯುದ್ಧ ಬಂತು. 1936ರ ಆಗಸ್ಟ್‌ನಿಂದ 1946ರ ಜೂನ್‌ವರೆಗೆ ಭಾರತ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಮರ್ಚೆಂಟರ ಇಪ್ಪತ್ತನಾಲ್ಕರಿಂದ ಮೂವತ್ತನಾಲ್ಕರವರೆಗಿನ ವಯಸ್ಸು, ಬ್ಯಾಟ್ಸ್‌ಮನ್ ಒಬ್ಬನ ಬಾಳಿನ ಫಲವತ್ತಾದ ಹತ್ತು ವರ್ಷ, ಅಂತರರಾಷ್ಟ್ರೀಯ ಆಟದ ದೃಷ್ಟಿಯಿಂದ ಬರಡಾಗಿ ಹೋಯಿತು. ಊರೊಳಗೆ ಮಾತ್ರ ರನ್ನುಗಳ ಸುಗ್ಗಿ. 1943-44ರಲ್ಲಿ ಮಹಾರಾಷ್ಟ್ರದ ವಿರುದ್ಧ ಅಜೇಯ 359. ಅದೇ ಋತುವಿನ ಪೆಂಟ್ಯಾಂಗ್ಯುಲರ್ ಅಂತಿಮ ಪಂದ್ಯದಲ್ಲಿ ಅವರು ಅಜೇಯ 250 ಹೊಡೆದರೆ, ಎದುರಾಳಿ ತಂಡದ ವಿಜಯ್ ಹಜಾರೆ 309 ಹೊಡೆದು ಉತ್ತರ ಕೊಟ್ಟರು. 1946ರ ಇಂಗ್ಲೆಂಡ್ ಪ್ರವಾಸದಲ್ಲಿ ಮರ್ಚೆಂಟ್ 2,385 ರನ್ ಗಳಿಸಿದರು. ಆದರೆ ಆ ತಂಡದ ನಾಯಕತ್ವ ಇಫ್ತಿಕಾರ್ ಅಲಿ ಖಾನ್ ಪಟೌಡಿಯವರಿಗೆ ಹೋಗಿತ್ತು, ಮರ್ಚೆಂಟ್ ಉಪನಾಯಕ. ಮರುವರ್ಷದ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರನ್ನೇ ನಾಯಕರನ್ನಾಗಿ ಆರಿಸಿದಾಗ ದೇಹ ಸಹಕರಿಸಲಿಲ್ಲ. ಬ್ರಾಡ್ಮನ್ ಎದುರು ಆಡುವ ಅವಕಾಶ ಹೀಗೆ ಕೈತಪ್ಪಿತು.

1951ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್. ಐದು ವರ್ಷಗಳ ನಂತರ ಮರಳಿದ, ನಲವತ್ತು ತುಂಬಿದ ಮರ್ಚೆಂಟ್ 154 ರನ್ ಹೊಡೆದರು. ಅದು ಅವರ ಅತ್ಯಧಿಕ ಟೆಸ್ಟ್ ಮೊತ್ತ. ಟೆಸ್ಟ್ ಶತಕ ಗಳಿಸಿದ ಅತಿ ಹಿರಿಯ ಭಾರತೀಯನೆಂಬ ದಾಖಲೆ ಅಂದಿನಿಂದ ಅವರ ಹೆಸರಿನಲ್ಲಿಯೇ ಇದೆ. ಅದೇ ಪಂದ್ಯದಲ್ಲಿ ಕ್ಷೇತ್ರರಕ್ಷಣೆಗೆಂದು ಚೆಂಡಿಗೆ ಎರಗಿದಾಗ ಭುಜಕ್ಕೆ ಪೆಟ್ಟಾಯಿತು. ಅಲ್ಲಿಗೆ ಆಟ ಮುಗಿಯಿತು. ತನ್ನ ಅತ್ಯುತ್ತಮ ಇನಿಂಗ್ಸ್ ಆಡಿದ ಪಂದ್ಯದಲ್ಲಿಯೇ ತೆರೆ ಎಳೆಯಬೇಕಾಗಿ ಬಂದ ಮನುಷ್ಯನಿಗೆ ಅಸಮಾಧಾನ ಪಡಲು ಕಾರಣಗಳು ಬೇಕಾದಷ್ಟಿದ್ದವು. ಯುದ್ಧ, ರಾಜಕೀಯ, ರಾಜಮಹಾರಾಜರ ಪ್ರಭಾವ, ಅನಾರೋಗ್ಯ, ಇವೆಲ್ಲ ಸೇರಿ ಅವರಿಂದ ಕಿತ್ತುಕೊಂಡದ್ದು ಕಡಿಮೆಯಲ್ಲ.

ಹಣಕ್ಕೇನೂ ಕೊರತೆಯಿರಲಿಲ್ಲ. ಠಾಕರ್ಸಿ ಸಮೂಹದ ಹಿಂದೂಸ್ತಾನ್ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ ಅವರಿಗಾಗಿ ಕಾದಿತ್ತು. ಗಿರಣಿಯ ವ್ಯವಹಾರ ನೋಡಿಕೊಂಡು, ಸಂಜೆ ಕ್ಲಬ್ಬಿನಲ್ಲಿ ಕುಳಿತು ಹಳೆಯ ಶತಕಗಳನ್ನು ಮೆಲುಕು ಹಾಕುತ್ತ ಉಳಿದ ಮೂವತ್ತಾರು ವರ್ಷಗಳನ್ನು ಅವರು ಸುಖವಾಗಿ ಕಳೆಯಬಹುದಿತ್ತು. ಹಾಗೆ ಕಳೆದ ಶ್ರೀಮಂತ ಆಟಗಾರರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮರ್ಚೆಂಟ್ ಮಾತ್ರ ಬೇರೆ ದಾರಿ ಹಿಡಿದರು. ತಮಗೆ ಸಿಗದೆಹೋದ ವಸ್ತುವನ್ನೇ ಇತರರಿಗೆ ಒದಗಿಸುವ ಕೆಲಸಕ್ಕೆ ನಿಂತರು. ಆ ವಸ್ತುವಿನ ಹೆಸರು ಅವಕಾಶ. ಇದು ನನ್ನ ಅರ್ಥೈಸುವಿಕೆ. ಆದರೆ ಅವರ ಬದುಕಿನ ಉತ್ತರಾರ್ಧದ ಕೆಲಸಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ.

ಮೊದಲು ಕ್ರಿಕೆಟ್ಟಿನ ಮಾತು. 1960ರ ದಶಕದ ಕೊನೆಗೆ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಹೆಸರಿನ ಭಾರಕ್ಕೆ ಮಣಿಯದೆ ಹೊಸ ಹುಡುಗರನ್ನು ಆಡಿಸಬೇಕೆಂಬುದು ಅವರ ನಿಲುವಾಗಿತ್ತು. 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕಣಕ್ಕಿಳಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ದಿನ ಕರ್ನಾಟಕದ ಮನೆಮನೆಯ ರೇಡಿಯೊ ಮುಂದಿದ್ದ ಸಂಭ್ರಮ ನಮ್ಮ ವಯಸ್ಸಿನವರಿಗೆ ಮರೆಯುವಂಥದ್ದಲ್ಲ. ವಿಶ್ವನಾಥರ ಬೆನ್ನಿಗೆ ನಿಂತವರಲ್ಲಿ ಆಗಿನ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಮುಖ್ಯರೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದೇ ಋತುವಿನಲ್ಲಿ ಏಕನಾಥ್ ಸೋಲ್ಕರ್, ಮೊಹಿಂದರ್ ಅಮರನಾಥ್ ಅವರೂ ಮೊದಲ ಟೆಸ್ಟ್ ಆಡಿದರು.

ಇನ್ನೊಂದು ಪ್ರಸಂಗವೂ ನಮ್ಮೂರಿನದೇ. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿದ್ದ ಬಿ.ಎಸ್. ಚಂದ್ರಶೇಖರ್, ಆ ಕೈಯಿಂದಲೇ ಜಗತ್ತಿನ ಬ್ಯಾಟ್ಸ್‌ಮನ್‌ಗಳನ್ನು ಕಂಗೆಡಿಸಿದವರು. ಆದರೆ ಗಾಯದಿಂದಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ತಂಡದಿಂದ ಹೊರಗುಳಿದಿದ್ದರು. ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಆಯ್ಕೆಯಾಗಲಿಲ್ಲ. 1971ರ ಇಂಗ್ಲೆಂಡ್ ಪ್ರವಾಸಕ್ಕೆ ಮರ್ಚೆಂಟರ ಸಮಿತಿ ಅವರನ್ನು ಮರಳಿ ಕರೆಯಿತು. ಆಗಸ್ಟ್ 23ರಂದು ಓವಲ್ ಮೈದಾನದಲ್ಲಿ ಚಂದ್ರ 38 ರನ್ನಿಗೆ ಆರು ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉರುಳಿತು. ಮರುದಿನ ಭಾರತ ಆ ನೆಲದಲ್ಲಿ ತನ್ನ ಮೊದಲ ಟೆಸ್ಟನ್ನೂ ಮೊದಲ ಸರಣಿಯನ್ನೂ ಗೆದ್ದಿತು.

ಇಷ್ಟು ಹೇಳಿ ಮರ್ಚೆಂಟರನ್ನು ಸಂತರನ್ನಾಗಿಸುವುದು ನನ್ನ ಉದ್ದೇಶವಲ್ಲ. ಅದೇ 1971ರ ಜನವರಿಯಲ್ಲಿ ಅವರು ಚಲಾಯಿಸಿದ ಒಂದು ಮತದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ವೆಸ್ಟ್ ಇಂಡೀಸ್ ಪ್ರವಾಸಕ್ಕೆ ನಾಯಕನನ್ನು ಆರಿಸುವಾಗ ಸಮಿತಿಯ ಮತಗಳು ಪಟೌಡಿ ಮತ್ತು ಅಜಿತ್ ವಾಡೇಕರ್ ನಡುವೆ ಸಮವಾದವು. ಅಧ್ಯಕ್ಷರ ನಿರ್ಣಾಯಕ ಮತ ವಾಡೇಕರರಿಗೆ ಬಿತ್ತು. ಪಟೌಡಿ ಒಮ್ಮೆಲೇ ಅಧಿಕಾರ ಕಳೆದುಕೊಂಡರು. 1946ರಲ್ಲಿ ತಂದೆಯ ಕೈಗೆ ಹೋದ ನಾಯಕತ್ವದ ಸೇಡನ್ನು ಮಗನ ಮೇಲೆ ತೀರಿಸಿಕೊಂಡರೆಂದು ಆಡಿಕೊಂಡವರು ಅಂದೂ ಇದ್ದರು, ಇಂದೂ ಇದ್ದಾರೆ. ಮರ್ಚೆಂಟರ ಮನಸ್ಸಿನ ಮೂಲೆಯಲ್ಲಿ ಏನಿತ್ತೆಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ವಾಡೇಕರ್ ನಾಯಕತ್ವದಲ್ಲಿ ಭಾರತ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್‌ಗಳಲ್ಲಿ ಒಂದೇ ವರ್ಷ ಸರಣಿ ಗೆದ್ದದ್ದು ಇತಿಹಾಸ. ಆದರೆ ಗೆಲುವು ಬಂದ ಮಾತ್ರಕ್ಕೆ ನಿರ್ಧಾರದ ಹಿಂದಿನ ಉದ್ದೇಶ ಶುದ್ಧವಾಗಿತ್ತೆಂದು ಸಾಬೀತಾಗುವುದಿಲ್ಲ. ಒಬ್ಬರಿಗೆ ಅವಕಾಶ ಕೊಡುವಾಗ ಮತ್ತೊಬ್ಬರ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕಾಗುತ್ತದೆ. ಆಯ್ಕೆಗಾರನ ಕುರ್ಚಿಯ ಮುಳ್ಳು ಇದು.

ಅವರ ಇನ್ನೊಂದು ಕೆಲಸದಲ್ಲಿ ಮಾತ್ರ ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವ ಪ್ರಸಂಗವಿರಲಿಲ್ಲ. ಅದನ್ನು ನಾನು ಅರಿತದ್ದು ನನ್ನದೇ ಸಣ್ಣತನದ ಮೂಲಕ.

ನಾನು ಕೆಲಸಕ್ಕಿದ್ದ ಬೊಂಬಾಯಿಯ ಶಾಖೆಗೆ ಒಂದು ದಿನ ಹೊಸ ಟೆಲಿಫೋನ್ ಆಪರೇಟರ್ ಬಂದರು. ಹುಟ್ಟಿನಿಂದಲೇ ಕಣ್ಣು ಕಾಣದವರು. ಬಿಡುವಿಲ್ಲದ ಶಾಖೆಯ ಸ್ವಿಚ್‌ಬೋರ್ಡನ್ನು ಇವರು ಹೇಗೆ ನಿಭಾಯಿಸುತ್ತಾರೆ, ಇದು ದಾನ ಮಾಡುವ ಜಾಗವೇ ಎಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬ. ಒಂದೆರಡು ತಿಂಗಳಲ್ಲಿ ನನ್ನ ಬಾಯಿ ಮುಚ್ಚಿತು. ನೂರಾರು ನಂಬರುಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಹಲೋ ಎಂಬ ಒಂದು ಶಬ್ದದಿಂದಲೇ ಗ್ರಾಹಕರ ಹೆಸರು ಹೇಳುತ್ತಿದ್ದರು. ಕ್ರಿಕೆಟ್ಟಿನ ಹುಚ್ಚು ನನಗಿಂತ ಹೆಚ್ಚು. ಆಕಾಶವಾಣಿಯ ವೀಕ್ಷಕ ವಿವರಣೆ ಕೇಳಿಯೇ ಫೀಲ್ಡರುಗಳು ನಿಂತ ಜಾಗಗಳನ್ನು ಬೆರಳಿನಿಂದ ಮೇಜಿನ ಮೇಲೆ ಗುರುತಿಸಿ ತೋರಿಸುತ್ತಿದ್ದರು. ರೇಡಿಯೊದ ಮರ್ಚೆಂಟ್ ತಮ್ಮಂಥವರ ಕೆಲಸಕ್ಕಾಗಿ ಓಡಾಡುವ ಮನುಷ್ಯ ಎಂಬುದು ನನಗೆ ಮೊದಲು ತಿಳಿದದ್ದು ಅವರಿಂದಲೇ.

ಬೊಂಬಾಯಿಯಲ್ಲಿ 1952ರಲ್ಲಿ ಸ್ಥಾಪನೆಯಾದ ಅಂಧರ ರಾಷ್ಟ್ರೀಯ ಸಂಘದ ಕೆಲಸದಲ್ಲಿ ಮರ್ಚೆಂಟ್ ತೊಡಗಿಸಿಕೊಂಡಿದ್ದರು. ಕಣ್ಣಿಲ್ಲದವರು, ಕೈಕಾಲು ಕಳೆದುಕೊಂಡವರು ಕರುಣೆಗೆ ಕೈಚಾಚುವ ಬದಲು ಸಂಬಳದ ಕವರಿಗೆ ಸಹಿ ಹಾಕುವಂತಾಗಬೇಕು ಎಂಬುದು ಅವರ ಪ್ರಯತ್ನದ ತಿರುಳು. ಅದಕ್ಕೆ ತಮ್ಮ ಗಿರಣಿಯಿಂದಲೇ ಆರಂಭಿಸಿದರು. ಅಂಗವಿಕಲರನ್ನು ಕೆಲಸಕ್ಕೆ ತೆಗೆದುಕೊಂಡರು. ತಾವು ಮಾಡಿ ತೋರಿಸಿದ ಮೇಲೆ ಇತರ ಉದ್ಯಮಿಗಳ ಬಾಗಿಲು ತಟ್ಟಿದರು. ಒಬ್ಬ ಮಾಜಿ ಟೆಸ್ಟ್ ಆಟಗಾರ, ಅದರಲ್ಲೂ ತನ್ನಂಥದೇ ಗಿರಣಿ ಮಾಲೀಕ, ಎದುರಿಗೆ ಬಂದು ಕುಳಿತು ಕೇಳಿದಾಗ ಇಲ್ಲವೆನ್ನುವುದು ಸುಲಭವಲ್ಲ. ತಮ್ಮ ಕೀರ್ತಿಯನ್ನು ಅವರು ಬಳಸಿದ್ದು ಈ ರೀತಿಯಲ್ಲಿ.

ಇದನ್ನು ಆ ಕಾಲದ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಅಂಗವಿಕಲರ ಹಕ್ಕುಗಳಿಗೆ ನಮ್ಮ ದೇಶದಲ್ಲಿ ಸಮಗ್ರ ಕಾನೂನು ಬಂದದ್ದು 1995ರಲ್ಲಿ, ಮರ್ಚೆಂಟ್ ತೀರಿಕೊಂಡ ಎಂಟು ವರ್ಷಗಳ ನಂತರ. ಆ ಕಾನೂನು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟು ಮೀಸಲಾತಿ ಕೊಟ್ಟಿತು. 2016ರ ಕಾಯ್ದೆ ಅದನ್ನು ಶೇಕಡ 4ಕ್ಕೆ ಏರಿಸಿತು. ಖಾಸಗಿ ಉದ್ಯಮಗಳು ಇಂದಿಗೂ ಬಹುಮಟ್ಟಿಗೆ ಮಾಲೀಕರ ಮನಸ್ಸಿಗೆ ಬಿಟ್ಟ ವಿಷಯವಾಗಿಯೇ ಉಳಿದಿವೆ. ಯಾವ ಕಾನೂನಿನ ಒತ್ತಾಯವೂ ಇಲ್ಲದ ಕಾಲದಲ್ಲಿ ಒಬ್ಬ ಮಾಲೀಕ ತಾನಾಗಿ ಮಾಡಿದ ಕೆಲಸಕ್ಕೆ ಅದರದೇ ತೂಕವಿದೆ.

ಬೊಂಬಾಯಿಯ ಗಿರಣಿಗಳ ಸಂಪತ್ತಿನ ಹಿಂದೆ ಲಕ್ಷಾಂತರ ಕಾರ್ಮಿಕರ ಬೆವರಿತ್ತು, 1982ರ ಮಹಾಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಬೀದಿಗಿಳಿದರು, ಹೀಗಿರುವಾಗ ಗಿರಣಿ ಧಣಿಯೊಬ್ಬರ ಉದಾರತೆಯನ್ನು ಎಷ್ಟು ಹೊಗಳಬಹುದು ಎಂದು ಗೆಳೆಯರೊಬ್ಬರು ನನ್ನನ್ನು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಒಬ್ಬನ ಸತ್ಕಾರ್ಯ ಒಂದು ಉದ್ಯಮದ ಅನ್ಯಾಯವನ್ನು ತೊಳೆಯಲಾರದು. ಆದರೆ ಅದೇ ಉದ್ಯಮದ ಉಳಿದ ಧಣಿಗಳಿಗೂ ಹಣವಿತ್ತು, ಪ್ರಭಾವವಿತ್ತು, ಸಮಯವಿತ್ತು. ಕುರುಡ ಯುವಕನೊಬ್ಬನನ್ನು ಯಂತ್ರದ ಮುಂದೆ ನಿಲ್ಲಿಸಿ ಕೆಲಸ ಕಲಿಸಬಹುದೆಂದು ಅವರಲ್ಲಿ ಎಷ್ಟು ಮಂದಿಗೆ ಹೊಳೆದಿತ್ತು?

ಮರ್ಚೆಂಟರ ಬದುಕಿನಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಕ್ರೀಡಾಂಗಣದಲ್ಲಿ ಕಲಿತದ್ದನ್ನು ಅವರು ಅಲ್ಲಿಯೇ ಬಿಟ್ಟು ಬರಲಿಲ್ಲ. ಅವರ ಬ್ಯಾಟಿಂಗ್ ತಾಳ್ಮೆಯದು, ಅಪಾಯವನ್ನು ಅಳೆದು ಆಡುವಂಥದ್ದು. ಹೊಸ ಬದುಕಿಗೆ ಅದೇ ಗುಣಗಳನ್ನು ತಂದರು. ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಚೆಕ್ಕು ಕೊಟ್ಟು ಫೋಟೋ ತೆಗೆಸಿಕೊಂಡು ಮರಳುವ ದಾನಕ್ಕೆ ಆ ತಾಳ್ಮೆ ಬೇಕಾಗಿಲ್ಲ. ಒಬ್ಬೊಬ್ಬರಿಗೂ ತಕ್ಕ ಕೆಲಸ ಹುಡುಕಿ, ಒಲ್ಲದ ಮಾಲೀಕರನ್ನು ಮತ್ತೆ ಮತ್ತೆ ಕಂಡು ಒಪ್ಪಿಸುವುದಕ್ಕೆ ಬೇಕು. ಇಂದಿನ ನಿವೃತ್ತ ಆಟಗಾರರಲ್ಲಿ ವೀಕ್ಷಕ ವಿವರಣೆ, ಜಾಹೀರಾತು, ಅಕಾಡೆಮಿ, ರಾಜಕೀಯ ಎಂದು ದಾರಿ ಹಿಡಿದವರಿದ್ದಾರೆ. ಪ್ರತಿಷ್ಠಾನ ಸ್ಥಾಪಿಸಿ ಒಳ್ಳೆಯ ಕೆಲಸ ಮಾಡುತ್ತಿರುವವರೂ ಇದ್ದಾರೆ. ಅವರಿಗೆ ಮರ್ಚೆಂಟ್ ಉಪದೇಶ ಮಾಡಿ ಹೋಗಲಿಲ್ಲ. ಆದರೆ ಹಣ ಕೊಡುವುದು ಸುಲಭದ ಭಾಗ, ದಿನದ ಹೊತ್ತನ್ನು ಕೊಡುವುದು ಕಷ್ಟದ ಭಾಗ, ಉಳಿದ ಬದುಕಿಗೆ ಅರ್ಥ ಬರುವುದು ಎರಡನೆಯದರಿಂದ ಎಂಬುದನ್ನು ಅವರ ಬಾಳಿನಿಂದ ಓದಿಕೊಳ್ಳಬಹುದು.

1987ರ ಅಕ್ಟೋಬರ್ 27ರಂದು, ಭಾರತ ಮತ್ತು ಪಾಕಿಸ್ತಾನ ಜೊತೆಯಾಗಿ ವಿಶ್ವಕಪ್ ನಡೆಸುತ್ತಿದ್ದ ದಿನಗಳಲ್ಲಿ, ಮರ್ಚೆಂಟ್ ಬೊಂಬಾಯಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎಪ್ಪತ್ತಾರು ವರ್ಷವಾಗಿತ್ತು. ಆ ಹೊತ್ತಿಗೆ ನಾನು ಬೆಂಗಳೂರಿಗೆ ವರ್ಗವಾಗಿ ಬಂದಿದ್ದೆ. ಪತ್ರಿಕೆಗಳ ಪುಟಗಳನ್ನು ವಿಶ್ವಕಪ್ಪೇ ತುಂಬಿತ್ತು. ಆ ಆಪರೇಟರ್ ಗೆಳೆಯರು ಮಾತ್ರ ಬೊಂಬಾಯಿಯಿಂದ ಟ್ರಂಕ್ ಕಾಲ್ ಮಾಡಿದರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ನನ್ನ ನಿವೃತ್ತಿಯ ಆ ಖಾಲಿ ತಿಂಗಳುಗಳಲ್ಲಿ ಅವರ ನೆನಪೇ ನನ್ನನ್ನು ಮನೆಯಿಂದ ಹೊರಗೆಳೆಯಿತು. ಅಂದಿನಿಂದ ವಾರಕ್ಕೆರಡು ದಿನ ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದೇನೆ. ಹೆಚ್ಚಾಗಿ ವಾಣಿಜ್ಯಶಾಸ್ತ್ರ, ಬ್ಯಾಂಕಿಂಗ್. ಮರ್ಚೆಂಟರ ಕೆಲಸದ ಮುಂದೆ ಇದು ಏನೂ ಅಲ್ಲ. ಆದರೂ ಆ ಎರಡು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟಾಗ ಎಲ್ಲಿಗೆ ಎಂದು ಹೆಂಡತಿ ಕೇಳುವುದಿಲ್ಲ.

ಹದಿನಾರು ವರ್ಷದೊಳಗಿನ ಹುಡುಗರಿಗಾಗಿ ಕ್ರಿಕೆಟ್ ಮಂಡಳಿ ನಡೆಸುವ ರಾಷ್ಟ್ರೀಯ ಟೂರ್ನಿಗೆ ವಿಜಯ್ ಮರ್ಚೆಂಟ್ ಟ್ರೋಫಿ ಎಂದು ಹೆಸರಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹುಡುಗನೊಬ್ಬ ಆ ಟೂರ್ನಿಯ ಆಯ್ಕೆ ಪಂದ್ಯಗಳಿಗೆ ಹೊರಟಿದ್ದ. ಮರ್ಚೆಂಟ್ ಯಾರೆಂದು ಗೊತ್ತೇನಪ್ಪ ಎಂದು ಕೇಳಿದೆ. ಹಳೇ ಕಾಲದ ಬ್ಯಾಟ್ಸ್‌ಮನ್ ಅಂಕಲ್ ಎಂದ. ತಪ್ಪು ಉತ್ತರವೇನಲ್ಲ. ಉಳಿದದ್ದನ್ನು ಅವನು ಆಟ ಮುಗಿಸಿ ಬಂದ ಮೇಲೆ ಹೇಳಿದರಾಯಿತೆಂದು, ಚೆನ್ನಾಗಿ ಆಡು ಎಂದಷ್ಟೇ ಹೇಳಿ ಕಳಿಸಿದೆ.